ಮಗುವಿಗೆ 10ಕ್ಕೆ 7 ಬಂದರೆ ಗಾಬರಿಯಾಗಬೇಕಾ? ಅಪ್‌ಗಾರ್ ಸ್ಕೋರ್ ಕೊಟ್ಟ ಅರಿವಳಿಕೆ ವೈದ್ಯೆಯ ಕಥೆ

ಹೆರಿಗೆಯ ನಂತರ ಆಸ್ಪತ್ರೆಯವರು ಕೊಟ್ಟ ಡಿಸ್ಚಾರ್ಜ್ ಸಮ್ಮರಿಯನ್ನು ಒಮ್ಮೆ ತೆಗೆದು ನೋಡಿ. ಮಗು ಹುಟ್ಟಿದ ಸಮಯ, ತೂಕ, ರಕ್ತದ ಗುಂಪು ಇವುಗಳ ನಡುವೆ ಎಲ್ಲೋ ಒಂದು ಕಡೆ ಅಪ್‌ಗಾರ್ 7/10, 9/10 ಎಂಬಂಥ ಸಾಲು ಇರುತ್ತದೆ. ಬಹಳಷ್ಟು ಮಂದಿ ಅದನ್ನು ಗಮನಿಸುವುದೇ ಇಲ್ಲ. ಗಮನಿಸಿದವರಿಗೆ ಕೂಡಲೇ ಶಾಲೆಯ ಮಾರ್ಕ್ಸ್ ಕಾರ್ಡ್ ನೆನಪಾಗುತ್ತದೆ. ನಮ್ಮ ಮಗುವಿಗೆ ಯಾಕೆ ಏಳು? ಅಕ್ಕನ ಮಗುವಿಗೆ ಒಂಬತ್ತು ಇತ್ತಲ್ಲ? ಮುಂದೆ ಮಗುವಿನ ಬುದ್ಧಿ ಚುರುಕಾಗಿರುತ್ತಾ? ಹೀಗೆ ಪ್ರಶ್ನೆಗಳು ಶುರುವಾಗುತ್ತವೆ, ಫ್ಯಾಮಿಲಿ ಗ್ರೂಪಿನಲ್ಲಿ ಒಬ್ಬೊಬ್ಬರು ಒಂದೊಂದು ಉತ್ತರ ಹಾಕುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಅಪ್‌ಗಾರ್ ಸ್ಕೋರ್ ಮಗುವಿನ ಜಾತಕವಲ್ಲ, ಬುದ್ಧಿವಂತಿಕೆಯ ಪರೀಕ್ಷೆಯೂ ಅಲ್ಲ. ಈ ಕ್ಷಣದಲ್ಲಿ ಈ ಮಗುವಿಗೆ ನಮ್ಮ ಸಹಾಯ ಬೇಕಾ, ಬೇಡವಾ ಎಂದು ಲೇಬರ್ ರೂಮಿನಲ್ಲಿ ಇರುವವರು ಕೇಳಿಕೊಳ್ಳುವ ಪ್ರಶ್ನೆಗೆ ಅದೊಂದು ಉತ್ತರ, ಅಷ್ಟೆ. ಇದು ಅರ್ಥವಾಗಬೇಕಾದರೆ ಅದನ್ನು ರೂಪಿಸಿದವರು ಯಾರು, ಯಾಕೆ ರೂಪಿಸಿದರು ಎಂಬುದು ಗೊತ್ತಿರಬೇಕು. ಅವರು ಮಕ್ಕಳ ವೈದ್ಯೆಯೂ ಅಲ್ಲ, ಹೆರಿಗೆ ವೈದ್ಯೆಯೂ ಅಲ್ಲ. ಸರ್ಜನ್ ಆಗಲು ಹೊರಟು, ಆ ಬಾಗಿಲು ಮುಚ್ಚಿದ್ದರಿಂದ ಅರಿವಳಿಕೆ ತಜ್ಞೆಯಾದವರು. ಹೆಸರು ವರ್ಜೀನಿಯಾ ಅಪ್‌ಗಾರ್.

ಸರ್ಜನ್ ಆಗಬೇಕೆಂದು ಹೊರಟ ಹುಡುಗಿ

ವರ್ಜೀನಿಯಾ ಹುಟ್ಟಿದ್ದು 1909ರ ಜೂನ್ 7ರಂದು, ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ. ತಂದೆ ವಿಮಾ ಕಂಪನಿಯ ಉದ್ಯೋಗಿ. ಬಿಡುವು ಸಿಕ್ಕಾಗ ಮನೆಯಲ್ಲೇ ಪ್ರಯೋಗ ಮಾಡುವುದು, ರಾತ್ರಿ ಆಕಾಶ ನೋಡುವುದು ಅವರ ಹವ್ಯಾಸ. ಮನೆಯಲ್ಲಿ ಸಂಗೀತವೂ ಇತ್ತು, ಕಾಯಿಲೆಯೂ ಇತ್ತು. ಒಬ್ಬ ಅಣ್ಣ ಚಿಕ್ಕ ವಯಸ್ಸಿನಲ್ಲೇ ಕ್ಷಯದಿಂದ ತೀರಿಕೊಂಡಿದ್ದ.

ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಖರ್ಚು ನಿಭಾಯಿಸಲು ವರ್ಜೀನಿಯಾ ಸಿಕ್ಕ ಕೆಲಸಗಳನ್ನೆಲ್ಲ ಮಾಡಿದರು. ಲ್ಯಾಬಿಗೆ ಬೇಕಾದ ಬೆಕ್ಕುಗಳನ್ನು ಹಿಡಿದು ತರುವುದೂ ಅದರಲ್ಲೊಂದು. 1929ರಲ್ಲಿ ಪದವಿ ಮುಗಿಸಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಸೇರಿದರು. ಸೇರಿದ ಕೆಲವೇ ವಾರಗಳಲ್ಲಿ ಅಮೆರಿಕದ ಷೇರು ಮಾರುಕಟ್ಟೆ ಕುಸಿಯಿತು. ಮುಂದಿನ ವರ್ಷಗಳೆಲ್ಲ ಆರ್ಥಿಕ ಮುಗ್ಗಟ್ಟಿನ ವರ್ಷಗಳು. ಸಾಲ ಮಾಡಿಕೊಂಡೇ ಓದಿದರು. 90 ವಿದ್ಯಾರ್ಥಿಗಳ ತರಗತಿಯಲ್ಲಿ ಹುಡುಗಿಯರು 9 ಮಂದಿ ಮಾತ್ರ. 1933ರಲ್ಲಿ ತರಗತಿಗೆ ನಾಲ್ಕನೆಯವರಾಗಿ ಪಾಸಾದಾಗ ಕೈಯಲ್ಲಿ ಡಿಗ್ರಿ, ತಲೆ ಮೇಲೆ ಸುಮಾರು 4,000 ಡಾಲರ್ ಸಾಲ. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ.

ಆಸೆ ಇದ್ದದ್ದು ಶಸ್ತ್ರಚಿಕಿತ್ಸೆಯ ಮೇಲೆ. ಕೊಲಂಬಿಯಾದ ಆಸ್ಪತ್ರೆಯಲ್ಲೇ ಸರ್ಜರಿ ಇಂಟರ್ನ್ ಆಗಿ ಸೇರಿದರು, ಕೆಲಸದಲ್ಲಿ ಒಳ್ಳೆಯ ಹೆಸರನ್ನೂ ಪಡೆದರು. ಆದರೆ ವಿಭಾಗದ ಮುಖ್ಯಸ್ಥ ಅಲೆನ್ ವಿಪಲ್ ಅವರನ್ನು ಕರೆದು ಬೇರೆ ದಾರಿ ತೋರಿಸಿದರು. ತಾನು ತರಬೇತಿ ಕೊಟ್ಟ ಮಹಿಳಾ ಸರ್ಜನ್‌ಗಳು ಪ್ರಾಕ್ಟೀಸ್ ನಡೆಸಲು ಎಷ್ಟು ಕಷ್ಟಪಟ್ಟರು ಎಂಬುದನ್ನು ವಿಪಲ್ ಕಂಡಿದ್ದರು. ಮುಗ್ಗಟ್ಟಿನ ಕಾಲದಲ್ಲಿ ಪುರುಷ ಸರ್ಜನ್‌ಗಳಿಗೇ ರೋಗಿಗಳು ಸಿಗುವುದು ಕಷ್ಟವಾಗಿತ್ತು. ಇನ್ನೊಂದು ಕಾರಣವೂ ಇತ್ತು. ಅರಿವಳಿಕೆ ಸುಧಾರಿಸದೆ ಶಸ್ತ್ರಚಿಕಿತ್ಸೆ ಮುಂದೆ ಹೋಗಲಾರದು, ಆ ಕೆಲಸಕ್ಕೆ ಬುದ್ಧಿವಂತ ವೈದ್ಯರು ಬೇಕು ಎಂಬುದು ಅವರ ನಂಬಿಕೆ.

ಇದು ಸಹಾಯವೋ ಅನ್ಯಾಯವೋ? ಎರಡೂ ಇರಬಹುದು. ಸಲಹೆ ಕೊಟ್ಟವರಿಗೆ ಒಳ್ಳೆಯ ಉದ್ದೇಶವೇ ಇದ್ದಿರಬಹುದು, ಆದರೆ ಅಂಕ, ಕೈಚಳಕ ಎರಡೂ ಇದ್ದ ಒಬ್ಬರು ಹೆಣ್ಣು ಎನ್ನುವ ಕಾರಣಕ್ಕೆ ಆಸೆಯನ್ನು ಬದಲಿಸಿಕೊಳ್ಳಬೇಕಾಯಿತು ಎಂಬುದಂತೂ ನಿಜ.

ಯಾರಿಗೂ ಬೇಡವಾಗಿದ್ದ ಕೆಲಸ

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರ್ ಬಳಸಿ ನೋವಿಲ್ಲದ ಶಸ್ತ್ರಚಿಕಿತ್ಸೆಯ ಪ್ರದರ್ಶನ ನಡೆದು ಆಗಲೇ 90 ವರ್ಷ ಸಮೀಪಿಸಿತ್ತು. ಆದರೂ 1930ರ ದಶಕದ ಅಮೆರಿಕದಲ್ಲಿ ಅರಿವಳಿಕೆ ಒಂದು ಪೂರ್ಣ ಪ್ರಮಾಣದ ವೈದ್ಯಕೀಯ ಶಾಖೆ ಎನಿಸಿಕೊಂಡಿರಲಿಲ್ಲ. ಹೆಚ್ಚಿನ ಕಡೆ ತರಬೇತಿ ಪಡೆದ ನರ್ಸ್‌ಗಳೇ ಆ ಕೆಲಸ ಮಾಡುತ್ತಿದ್ದರು. ವೈದ್ಯರಿಗೆ ಅದರಲ್ಲಿ ಸಂಬಳವೂ ಕಡಿಮೆ, ಗೌರವವೂ ಕಡಿಮೆ.

ವರ್ಜೀನಿಯಾ ಮೊದಲು ತಮ್ಮ ಆಸ್ಪತ್ರೆಯ ನರ್ಸ್‌ಗಳ ಜೊತೆಗೇ ನಿಂತು ಕೆಲಸ ಕಲಿತರು. ಆಮೇಲೆ 1937ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ ಹೋದರು. ಅಲ್ಲಿ ರಾಲ್ಫ್ ವಾಟರ್ಸ್ ಎಂಬ ವೈದ್ಯರು ಅರಿವಳಿಕೆಗೆಂದೇ ತರಬೇತಿ ವಿಭಾಗ ಕಟ್ಟಿದ್ದರು. ಅಲ್ಲಿಂದ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಎಮೆರಿ ರೋವೆನ್‌ಸ್ಟೈನ್ ಅವರ ಬಳಿ ಕಲಿಕೆ. ತರಬೇತಿಗೆ ಬರುವ ವೈದ್ಯರೆಂದರೆ ಗಂಡಸರೇ ಎಂದು ಎಲ್ಲರೂ ಅಂದುಕೊಂಡಿದ್ದ ಕಾಲ ಅದು. ಹೆಣ್ಣುಮಗಳಿಗೆ ಉಳಿದುಕೊಳ್ಳಲು ಕೋಣೆ ಹೊಂದಿಸುವುದೇ ಒಂದು ಹೋರಾಟವಾಗಿತ್ತು.

1938ರಲ್ಲಿ ಅವರು ಕೊಲಂಬಿಯಾಗೆ ವಾಪಸ್ ಬಂದು ಅರಿವಳಿಕೆ ವಿಭಾಗದ ನಿರ್ದೇಶಕಿಯಾದರು. ಆ ಆಸ್ಪತ್ರೆಯಲ್ಲಿ ಒಂದು ವಿಭಾಗದ ಮುಖ್ಯಸ್ಥೆಯಾದ ಮೊದಲ ಮಹಿಳೆ ಅವರು. ಕೇಳಲು ದೊಡ್ಡ ಹುದ್ದೆ. ಆದರೆ ನಡೆಸಲು ಜನವೇ ಇಲ್ಲ. ವೈದ್ಯರು ಈ ಶಾಖೆಗೆ ಬರಲು ಹಿಂದೇಟು ಹಾಕುತ್ತಿದ್ದರು. ಅರಿವಳಿಕೆ ವೈದ್ಯರನ್ನು ತಮಗೆ ಸಮ ಎಂದು ಒಪ್ಪಿಕೊಳ್ಳಲು ಹಲವು ಸರ್ಜನ್‌ಗಳಿಗೆ ಇಷ್ಟವಿರಲಿಲ್ಲ. ಇದರ ನಡುವೆಯೇ ಎರಡನೇ ಮಹಾಯುದ್ಧವೂ ಬಂತು. ಪಾಠ ಹೇಳುವುದು, ಥಿಯೇಟರಿನಲ್ಲಿ ನಿಲ್ಲುವುದು, ಹೊಸಬರನ್ನು ಹುಡುಕುವುದು ಎಲ್ಲವನ್ನೂ ಹೊತ್ತು ಅವರು ಸುಮಾರು ಹತ್ತು ವರ್ಷ ವಿಭಾಗವನ್ನು ಬೆಳೆಸಿದರು.

1949ರಲ್ಲಿ ವಿಭಾಗಕ್ಕೆ ಸ್ವತಂತ್ರ ಸ್ಥಾನಮಾನ ಸಿಕ್ಕಿತು. ಆದರೆ ಅದರ ಮುಖ್ಯಸ್ಥರ ಕುರ್ಚಿ ಸಿಕ್ಕಿದ್ದು ಎಮ್ಯಾನುಯೆಲ್ ಪ್ಯಾಪರ್ ಎಂಬ ಪುರುಷ ವೈದ್ಯರಿಗೆ. ವರ್ಜೀನಿಯಾ ಅವರಿಗೆ ಪೂರ್ಣ ಪ್ರೊಫೆಸರ್ ಹುದ್ದೆ ಬಂತು. ಆ ವೈದ್ಯಕೀಯ ಕಾಲೇಜಿನಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಅವರೇ. ಆಡಳಿತದ ಹೊರೆ ಇಳಿದಿತ್ತು. ಅವರು ನೇರವಾಗಿ ಹೆರಿಗೆ ವಾರ್ಡಿಗೆ ನಡೆದರು.

ತಾಯಿಯನ್ನು ನೋಡುವವರಿದ್ದರು, ಮಗುವನ್ನು?

ಹೊಟ್ಟೆಯೊಳಗಿರುವ ಮಗು ಶ್ವಾಸಕೋಶದಿಂದ ಆಮ್ಲಜನಕ ಪಡೆಯುವುದಿಲ್ಲ. ಬೇಕಾದ ಆಮ್ಲಜನಕ ತಾಯಿಯ ರಕ್ತದಿಂದ ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಮಗುವಿನ ಶ್ವಾಸಕೋಶದಲ್ಲಿ ಆಗ ತುಂಬಿರುವುದು ದ್ರವ. ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಆ ದ್ರವದ ಜಾಗಕ್ಕೆ ಗಾಳಿ ಬರಬೇಕು, ರಕ್ತ ಹರಿಯುವ ದಾರಿಯೇ ಬದಲಾಗಬೇಕು. ಮನುಷ್ಯನ ಇಡೀ ಬದುಕಿನಲ್ಲಿ ಇಷ್ಟು ದೊಡ್ಡ ಬದಲಾವಣೆ ಇಷ್ಟು ಬೇಗ ಇನ್ನೆಂದೂ ಆಗುವುದಿಲ್ಲ.

ಅರಿವಳಿಕೆ ವೈದ್ಯರಿಗೆ ಮಾತ್ರ ಚೆನ್ನಾಗಿ ಗೊತ್ತಿದ್ದ ಇನ್ನೊಂದು ಸಂಗತಿ ಇತ್ತು. ತಾಯಿಗೆ ಕೊಡುವ ಅನೇಕ ಮತ್ತಿನ ಔಷಧಗಳು ಮಾಸನ್ನು ದಾಟಿ ಮಗುವಿಗೂ ತಲುಪುತ್ತವೆ. ತಾಯಿಯ ಜೊತೆ ಮಗುವೂ ಮಂಪರಿನಲ್ಲಿ ಹುಟ್ಟಬಹುದು, ಉಸಿರಾಡಲು ಮರೆಯಬಹುದು.

ಆ ದಶಕಗಳಲ್ಲಿ ಅಮೆರಿಕದಲ್ಲಿ ಒಟ್ಟಾರೆ ಶಿಶು ಮರಣ ಇಳಿಯುತ್ತಿತ್ತು. ಆದರೆ ಹುಟ್ಟಿದ ಮೊದಲ 24 ಗಂಟೆಯೊಳಗೆ ಸಾಯುವ ಮಕ್ಕಳ ಸಂಖ್ಯೆ ಹೆಚ್ಚೇನೂ ಕಡಿಮೆಯಾಗಿರಲಿಲ್ಲ. ಲೇಬರ್ ರೂಮಿನಲ್ಲಿ ಎಲ್ಲರ ಕಣ್ಣು ತಾಯಿಯ ಮೇಲೆ. ಮಗು ನೀಲಿಗಟ್ಟಿ ಸುಮ್ಮನೆ ಮಲಗಿದ್ದರೆ ಅದು ಬದುಕುವುದಿಲ್ಲವೆಂದು ಕೈಬಿಡುವುದೂ ಇತ್ತು. ಯಾವ ಮಗುವಿಗೆ ಯಾವಾಗ ಉಸಿರು ಕೊಡಬೇಕು ಎನ್ನುವುದಕ್ಕೆ ಎಲ್ಲರೂ ಒಪ್ಪುವ ಒಂದು ಅಳತೆ ಇರಲಿಲ್ಲ. ಒಬ್ಬ ವೈದ್ಯರಿಗೆ ಚೆನ್ನಾಗಿದೆ ಅನಿಸಿದ ಮಗು ಇನ್ನೊಬ್ಬರಿಗೆ ಸಪ್ಪೆ ಅನಿಸಬಹುದಿತ್ತು.

ವರ್ಜೀನಿಯಾ ನಿಂತಿದ್ದ ಜಾಗ ಇಲ್ಲಿ ಮುಖ್ಯವಾಗುತ್ತದೆ. ಅರಿವಳಿಕೆ ವೈದ್ಯರ ಕೆಲಸವೇ ಕಾಯುವುದು, ನೋಡುವುದು. ಉಸಿರು ಹೇಗಿದೆ, ನಾಡಿ ಎಷ್ಟಿದೆ, ಬಣ್ಣ ಬದಲಾಯಿತಾ, ಸ್ನಾಯು ಸಡಿಲವಾಯಿತಾ, ಮುಟ್ಟಿದರೆ ಪ್ರತಿಕ್ರಿಯೆ ಇದೆಯಾ ಎಂದು ಅವರು ನಿಮಿಷ ನಿಮಿಷಕ್ಕೂ ಗಮನಿಸುತ್ತಾರೆ. ಮತ್ತಿನಲ್ಲಿರುವ ರೋಗಿಗೆ ಬಾಯಿ ಬಿಟ್ಟು ಹೇಳಲಾಗದು. ಆಗ ತಾನೇ ಹುಟ್ಟಿದ ಮಗುವಿಗೂ ಅಷ್ಟೆ. ದೊಡ್ಡವರಿಗೆ ಕೇಳುತ್ತಿದ್ದ ಅದೇ ಪ್ರಶ್ನೆಗಳನ್ನು ಅವರು ಮಗುವಿಗೂ ಕೇಳಿದರು.

ಐದು ಪ್ರಶ್ನೆ, ಹತ್ತು ಅಂಕ

ಒಂದು ಬೆಳಿಗ್ಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿಂಡಿ ತಿನ್ನುವಾಗ ವಿದ್ಯಾರ್ಥಿಯೊಬ್ಬ ನವಜಾತ ಶಿಶುವಿನ ಸ್ಥಿತಿಯನ್ನು ಅಳೆಯುವುದು ಹೇಗೆ ಎಂದು ಕೇಳಿದನಂತೆ. ಅದು ಸುಲಭ ಎನ್ನುತ್ತಾ ವರ್ಜೀನಿಯಾ ಕೈಗೆ ಸಿಕ್ಕ ಕಾಗದದ ಚೂರಿನ ಮೇಲೆ ಐದು ಅಂಶ ಬರೆದು, ಪರೀಕ್ಷಿಸಿ ನೋಡಲು ಹೆರಿಗೆ ವಾರ್ಡಿಗೆ ಓಡಿದರಂತೆ. ಅಲ್ಲಿಂದ ಮುಂದೆ ನಡೆದದ್ದು ವರ್ಷಗಟ್ಟಲೆ ಲೆಕ್ಕದ ಕೆಲಸ. ಸಾವಿರಕ್ಕೂ ಹೆಚ್ಚು ಶಿಶುಗಳನ್ನು ನೋಡಿ, ಅಂಕ ಕೊಟ್ಟು, 1952ರಲ್ಲಿ ವೈದ್ಯರ ಸಭೆಯೊಂದರಲ್ಲಿ ತಮ್ಮ ಪದ್ಧತಿಯನ್ನು ಮಂಡಿಸಿದರು. 1953ರಲ್ಲಿ ಅದು ಅರಿವಳಿಕೆಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಐದು ಅಂಶಗಳು ಇವು. ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ.

1. ಹೃದಯ ಬಡಿತ: ಇಲ್ಲದಿದ್ದರೆ 0, ನಿಮಿಷಕ್ಕೆ 100ಕ್ಕಿಂತ ಕಡಿಮೆ ಇದ್ದರೆ 1, ಅದಕ್ಕಿಂತ ಹೆಚ್ಚಿದ್ದರೆ 2.
2. ಉಸಿರಾಟ: ಇಲ್ಲದಿದ್ದರೆ 0, ನಿಧಾನ ಅಥವಾ ಬಿಟ್ಟು ಬಿಟ್ಟು ಬರುತ್ತಿದ್ದರೆ 1, ಜೋರಾಗಿ ಅಳುತ್ತಿದ್ದರೆ 2.
3. ಸ್ನಾಯುಗಳ ಬಿಗಿ: ಮೈ ಪೂರ್ತಿ ಸಡಿಲವಿದ್ದರೆ 0, ಕೈಕಾಲು ಸ್ವಲ್ಪ ಮಡಚಿದ್ದರೆ 1, ಚೆನ್ನಾಗಿ ಆಡಿಸುತ್ತಿದ್ದರೆ 2.
4. ಪ್ರತಿಕ್ರಿಯೆ: ಕೆಣಕಿದರೂ ಏನೂ ಇಲ್ಲದಿದ್ದರೆ 0, ಮುಖ ಕಿವುಚಿದರೆ 1, ಅತ್ತರೆ, ಸೀನಿದರೆ ಅಥವಾ ಕೆಮ್ಮಿದರೆ 2.
5. ಬಣ್ಣ: ಮೈಯೆಲ್ಲ ನೀಲಿ ಅಥವಾ ಬಿಳಿಚಿದ್ದರೆ 0, ಮೈ ಕೆಂಪಗಿದ್ದು ಕೈಕಾಲು ಮಾತ್ರ ನೀಲಿಯಿದ್ದರೆ 1, ಎಲ್ಲ ಕಡೆ ಕೆಂಪಗಿದ್ದರೆ 2.

ಹುಟ್ಟಿ ಒಂದು ನಿಮಿಷಕ್ಕೆ ಒಮ್ಮೆ ನೋಡಬೇಕು. ಚೇತರಿಕೆ ತಿಳಿಯಲು 5 ನಿಮಿಷಕ್ಕೆ ಮತ್ತೊಮ್ಮೆ ನೋಡುವ ರೂಢಿ ಆಮೇಲೆ ಸೇರಿಕೊಂಡಿತು. ಇದಕ್ಕೆ ಯಂತ್ರ ಬೇಡ, ರಕ್ತ ಪರೀಕ್ಷೆ ಬೇಡ, ಖರ್ಚಿಲ್ಲ. ದೊಡ್ಡ ನಗರದ ಆಸ್ಪತ್ರೆಯಲ್ಲೂ, ಚಿಕ್ಕ ಊರಿನ ಹೆರಿಗೆ ಕೊಠಡಿಯಲ್ಲೂ ಒಂದೇ ರೀತಿ ಮಾಡಬಹುದು. ಹೆರಿಗೆ ಮಾಡಿಸಿದವರೇ ಅಂಕ ಕೊಡಬಾರದು, ಬೇರೊಬ್ಬರು ಕೊಡಬೇಕು ಎಂದೂ ವರ್ಜೀನಿಯಾ ಹೇಳಿದ್ದರು. ತಾನು ಮಾಡಿಸಿದ ಹೆರಿಗೆಗೆ ಸ್ವಲ್ಪ ಹೆಚ್ಚು ಅಂಕ ಹಾಕುವುದು ಮನುಷ್ಯ ಸಹಜ ಎಂಬುದು ಅವರಿಗೆ ಗೊತ್ತಿತ್ತು.

ಸ್ಕೋರ್ ಬಂದದ್ದರಿಂದ ಆದ ದೊಡ್ಡ ಬದಲಾವಣೆ ಏನು ಗೊತ್ತಾ? ಅಂಕ ಬರೆಯಬೇಕಾದರೆ ಯಾರಾದರೂ ಒಬ್ಬರು ಮಗುವನ್ನು ನೋಡಲೇಬೇಕು. ನೋಡಿದ ಮೇಲೆ ಸುಮ್ಮನಿರಲು ಆಗುವುದಿಲ್ಲ.

ತಮ್ಮ ನೆಚ್ಚಿನ ಔಷಧವನ್ನೇ ಬಿಟ್ಟರು

ಅಂಕ ಕೊಟ್ಟು ಅವರು ನಿಲ್ಲಲಿಲ್ಲ. ಡಂಕನ್ ಹೊಲಾಡೆ ಮತ್ತು ಸ್ಟ್ಯಾನ್ಲಿ ಜೇಮ್ಸ್ ಎಂಬ ಸಹೋದ್ಯೋಗಿಗಳ ಜೊತೆ ಸೇರಿ ಶಿಶುಗಳ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಆಮ್ಲೀಯತೆ ಎಷ್ಟಿದೆ ಎಂದು ಅಳೆದರು. ಹುಟ್ಟಿದ ಮಗುವಿಗೆ ಆಮ್ಲಜನಕ ಕಡಿಮೆಯಿರುವುದು ಸಹಜ, ಅದರಿಂದ ತೊಂದರೆಯಿಲ್ಲ ಎಂದು ಆಗ ಹಲವರು ನಂಬಿದ್ದರು. ಅಳತೆ ಬೇರೆಯದನ್ನೇ ಹೇಳಿತು. ಕಡಿಮೆ ಅಂಕದ ಮಕ್ಕಳ ರಕ್ತದಲ್ಲಿ ಆಮ್ಲಜನಕ ಕಡಿಮೆ, ಆಮ್ಲೀಯತೆ ಹೆಚ್ಚು. ಅದಕ್ಕೆ ಚಿಕಿತ್ಸೆ ಬೇಕಿತ್ತು.

ಈ ಅಧ್ಯಯನಗಳಲ್ಲೇ ಇನ್ನೊಂದು ವಿಷಯ ಹೊರಬಿತ್ತು. ಹೆರಿಗೆಯಲ್ಲಿ ತಾಯಿಗೆ ಸೈಕ್ಲೋಪ್ರೊಪೇನ್ ಎಂಬ ಅನಿಲ ಕೊಟ್ಟಾಗ ಮಗು ಹೆಚ್ಚು ಸಪ್ಪೆಯಾಗಿ ಹುಟ್ಟುತ್ತಿತ್ತು. ಅದು ವರ್ಜೀನಿಯಾ ಅವರಿಗೆ ಬಹಳ ಇಷ್ಟದ ಅನಿಲ, ವರ್ಷಗಟ್ಟಲೆ ಬಳಸಿದ್ದರು. ಫಲಿತಾಂಶ ನೋಡಿದ ಮೇಲೆ ಹೆರಿಗೆಗಳಲ್ಲಿ ಅದನ್ನು ಬಳಸುವುದನ್ನು ಬಿಟ್ಟುಬಿಟ್ಟರು. ನಾವು ಇಷ್ಟಪಟ್ಟು ನಂಬಿದ್ದ ವಿಷಯಕ್ಕೆ ವಿರುದ್ಧವಾದ ಪುರಾವೆ ಬಂದಾಗ ಏನು ಮಾಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಐವತ್ತಕ್ಕೆ ಮತ್ತೆ ವಿದ್ಯಾರ್ಥಿನಿ

ಐವತ್ತರ ಹೊಸ್ತಿಲಲ್ಲಿ ಅವರು ಮತ್ತೆ ತರಗತಿಯಲ್ಲಿ ಕೂತರು. 1959ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಪೋಲಿಯೊ ವಿರುದ್ಧ ಹೋರಾಡಲು ಹುಟ್ಟಿದ್ದ ಮಾರ್ಚ್ ಆಫ್ ಡೈಮ್ಸ್ ಸಂಸ್ಥೆ, ಲಸಿಕೆ ಬಂದ ಮೇಲೆ ಹುಟ್ಟಿನಿಂದ ಬರುವ ಅಂಗವೈಕಲ್ಯಗಳ ಕಡೆ ಗಮನ ತಿರುಗಿಸಿತ್ತು. ವರ್ಜೀನಿಯಾ ಅಲ್ಲಿ ಆ ವಿಭಾಗದ ಮುಖ್ಯಸ್ಥೆಯಾದರು.

ವಿಕಲಾಂಗ ಮಗು ಹುಟ್ಟಿದರೆ ಯಾರಿಗೂ ತಿಳಿಯದಂತೆ ಮುಚ್ಚಿಡುವ, ತಾಯಿಯನ್ನೇ ದೂರುವ ಕಾಲ ಅದು. ಅವರು ಊರೂರು ಸುತ್ತಿ, ಟಿವಿಯಲ್ಲಿ ಕಾಣಿಸಿಕೊಂಡು, ಇದರ ಬಗ್ಗೆ ಬಾಯಿಬಿಟ್ಟು ಮಾತಾಡಿದರು. 1964–65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹರಡಿ ಸಾವಿರಾರು ಮಕ್ಕಳು ಕಿವುಡುತನ, ಹೃದಯದ ತೊಂದರೆಗಳೊಂದಿಗೆ ಹುಟ್ಟಿದಾಗ ಲಸಿಕೆಯ ಪರವಾಗಿ ದನಿ ಎತ್ತಿದರು. 1972ರಲ್ಲಿ ಜೋನ್ ಬೆಕ್ ಅವರೊಂದಿಗೆ ತಂದೆ ತಾಯಿಗಳಿಗಾಗಿಯೇ ಒಂದು ಪುಸ್ತಕ ಬರೆದರು.

ಕೆಲಸದ ಆಚೆಗೂ ಅವರಿಗೊಂದು ಲೋಕವಿತ್ತು. ವಯೋಲಾ, ಚೆಲ್ಲೊ ನುಡಿಸುತ್ತಿದ್ದರು, ವಾದ್ಯಗಳನ್ನು ಕೈಯಾರೆ ಮಾಡುತ್ತಿದ್ದರು. ಆಸ್ಪತ್ರೆಯ ಟೆಲಿಫೋನ್ ಬೂತಿನ ಹಲಗೆ ಒಳ್ಳೆಯ ಮೇಪಲ್ ಮರದ್ದು ಎಂದು ಗೊತ್ತಾದಾಗ, ಗೆಳತಿ ಕಾರ್ಲೀನ್ ಹಚಿನ್ಸ್ ಜೊತೆ ಸೇರಿ ರಾತ್ರಿ ಹೊತ್ತು ಅದನ್ನು ಬಿಚ್ಚಿಕೊಂಡು, ಅದರ ಜಾಗಕ್ಕೆ ಬೇರೆ ಹಲಗೆ ಕೂರಿಸಿದರು. ಆ ಮರ ಒಂದು ವಯೋಲಾದ ಬೆನ್ನಾಯಿತು. ಹೊರಗೆ ಹೋಗುವಾಗಲೂ ಚೀಲದಲ್ಲಿ ಒಂದು ಚಿಕ್ಕ ಚಾಕು, ಉಸಿರಾಟದ ಕೊಳವೆ ಇಟ್ಟುಕೊಂಡಿರುತ್ತಿದ್ದರು, ದಾರಿಯಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಬೇಕಾಗುತ್ತದೆ ಎಂದು. 1974ರ ಆಗಸ್ಟ್ 7ರಂದು, 65ನೇ ವಯಸ್ಸಿನಲ್ಲಿ, ತಾವು ಕಲಿತು ಬೆಳೆದ ಆಸ್ಪತ್ರೆಯಲ್ಲೇ ತೀರಿಕೊಂಡರು. 1994ರಲ್ಲಿ ಅಮೆರಿಕ ಅವರ ಹೆಸರಿನಲ್ಲಿ ಅಂಚೆ ಚೀಟಿ ತಂದಿತು.

ಸ್ಕೋರ್ ಬಗ್ಗೆ ಓಡಾಡುವ ತಪ್ಪು ತಿಳಿವಳಿಕೆಗಳು

ಅಪ್‌ಗಾರ್ ಎನ್ನುವುದು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಮಾಡಿದ ಪದ: ತಪ್ಪು. ಅದು ಒಬ್ಬ ವ್ಯಕ್ತಿಯ ಹೆಸರು. ಸ್ಕೋರ್ ಬಂದು ಸುಮಾರು ಹತ್ತು ವರ್ಷವಾದ ಮೇಲೆ, ಜೋಸೆಫ್ ಬಟರ್‌ಫೀಲ್ಡ್ ಎಂಬ ಮಕ್ಕಳ ವೈದ್ಯರು ನೆನಪಿಟ್ಟುಕೊಳ್ಳಲು ಸುಲಭವಾಗಲೆಂದು ಆ ಐದು ಅಕ್ಷರಗಳಿಗೆ ಐದು ಇಂಗ್ಲಿಷ್ ಪದ ಹೊಂದಿಸಿದರು. ಆ ಸೂತ್ರವೇ ಜನಪ್ರಿಯವಾಗಿ ಮೂಲ ವ್ಯಕ್ತಿ ಮರೆತುಹೋದರು.

10 ಬಂದರೆ ಮಾತ್ರ ಮಗು ಆರೋಗ್ಯವಾಗಿದೆ: ತಪ್ಪು. 7ರಿಂದ 10ರವರೆಗಿನ ಅಂಕ ಸಮಾಧಾನಕರ. ಹುಟ್ಟಿದ ಹೊಸದರಲ್ಲಿ ಬಹುತೇಕ ಮಕ್ಕಳ ಕೈಕಾಲು ಸ್ವಲ್ಪ ನೀಲಿಯಾಗೇ ಇರುತ್ತದೆ. ಹಾಗಾಗಿ ಒಂದನೇ ನಿಮಿಷಕ್ಕೆ 10 ಬರುವುದೇ ಅಪರೂಪ.

ಕೆಂಪಗಿಲ್ಲದ ಮಗುವಿಗೆ ಅಂಕ ಕಡಿಮೆ: ಹಾಗಲ್ಲ. ನೋಡಬೇಕಾದ್ದು ಚರ್ಮದ ಬಣ್ಣವನ್ನಲ್ಲ, ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದೆಯೇ ಎಂಬುದನ್ನು. ನಮ್ಮಂಥ ಕಂದು ಚರ್ಮದವರ ಮಕ್ಕಳಲ್ಲಿ ತುಟಿ, ನಾಲಿಗೆ, ಬಾಯಿಯ ಒಳಭಾಗ ನೋಡಿದರೆ ಸರಿಯಾಗಿ ತಿಳಿಯುತ್ತದೆ. ಐದು ಅಂಶಗಳಲ್ಲಿ ಬಣ್ಣವೇ ಅತಿ ದುರ್ಬಲ ಎಂಬ ಟೀಕೆಯೂ ಇದೆ.

ಕಡಿಮೆ ಅಂಕ ಬಂದರೆ ಮಗು ಮುಂದೆ ಮಂದಬುದ್ಧಿಯಾಗುತ್ತದೆ: ತಪ್ಪು. ಒಂದನೇ ನಿಮಿಷದ ಅಂಕದಿಂದ ಮಗುವಿನ ಭವಿಷ್ಯ ಹೇಳಲಾಗದು. ಅಮೆರಿಕದ ಮಕ್ಕಳ ತಜ್ಞರ ಮತ್ತು ಹೆರಿಗೆ ತಜ್ಞರ ಸಂಘಟನೆಗಳು ಒಂದು ಮಗುವಿನ ಮುಂದಿನ ಆರೋಗ್ಯವನ್ನು ಊಹಿಸಲು ಈ ಸ್ಕೋರನ್ನು ಬಳಸಬಾರದು ಎಂದು ಸ್ಪಷ್ಟವಾಗಿ ಹೇಳಿವೆ. 5 ನಿಮಿಷಕ್ಕೂ ಅಂಕ 7ಕ್ಕಿಂತ ಕಡಿಮೆ ಇದ್ದರೆ, 20 ನಿಮಿಷದವರೆಗೆ ಪ್ರತಿ 5 ನಿಮಿಷಕ್ಕೊಮ್ಮೆ ಮತ್ತೆ ನೋಡುತ್ತಾರೆ. ಅಂಥ ಮಗುವಿನ ಬಗ್ಗೆ ಮಕ್ಕಳ ವೈದ್ಯರ ಬಳಿ ಬಿಡಿಸಿ ಕೇಳಿ.

ಅಂಕ ನೋಡಿದ ಮೇಲೆ ಚಿಕಿತ್ಸೆ ಶುರು ಮಾಡುತ್ತಾರೆ: ಇಲ್ಲ. ಉಸಿರಾಡದ ಮಗುವಿಗೆ ಮೊದಲ ನಿಮಿಷದೊಳಗೇ ಉಸಿರು ಕೊಡಲು ಆರಂಭಿಸಬೇಕು, ಗಡಿಯಾರ ನೋಡುತ್ತ ಕಾಯುವಂತಿಲ್ಲ. ನಮ್ಮ ದೇಶದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ವೈದ್ಯರಿಗೆ, ನರ್ಸ್‌ಗಳಿಗೆ ಹೇಳಿಕೊಡುವುದೂ ಇದನ್ನೇ.

ಅನಸ್ತೇಶಿಯಾ ಡಾಕ್ಟರ್ ಅಂದರೆ ಇಂಜೆಕ್ಷನ್ ಕೊಟ್ಟು ಹೋಗುವವರು: ಇದಂತೂ ದೊಡ್ಡ ತಪ್ಪು. ಇಂಜೆಕ್ಷನ್ ಕೊಟ್ಟಲ್ಲಿಗೆ ಅವರ ಕೆಲಸ ಶುರುವಾಗುತ್ತದೆ. ಆಪರೇಷನ್ ಮುಗಿದು ರೋಗಿ ಕಣ್ಣು ಬಿಡುವವರೆಗೂ ಉಸಿರು, ನಾಡಿ, ರಕ್ತದೊತ್ತಡ ಅವರ ಜವಾಬ್ದಾರಿ. ಐಸಿಯು, ನೋವು ನಿವಾರಣೆ, ಹೆರಿಗೆಯ ಎಪಿಡ್ಯೂರಲ್ ಕೂಡ ಅವರ ಕ್ಷೇತ್ರವೇ. ನಮ್ಮಲ್ಲಿ ಎಂಬಿಬಿಎಸ್ ಮುಗಿಸಿ ಮೂರು ವರ್ಷ ಎಂಡಿ ಓದಿದವರು ಅವರು. ನಿಮ್ಮ ಮನೆಯ ಮಗಳೋ ಮಗನೋ ಈ ಶಾಖೆ ಆರಿಸಿಕೊಳ್ಳುತ್ತೇನೆ ಎಂದರೆ, ಸರ್ಜರಿ ಸಿಗಲಿಲ್ಲವಾ ಎಂದು ಕೇಳುವ ಮೊದಲು ವರ್ಜೀನಿಯಾ ಅವರ ಕಥೆ ಹೇಳಿ.

ಮುಂದಿನ ಸಲ ಆಪರೇಷನ್‌ಗೆ ಮುನ್ನ ಅರಿವಳಿಕೆ ವೈದ್ಯರು ಬಂದು ಅಲರ್ಜಿ ಇದೆಯಾ, ಹಿಂದೆ ಆಪರೇಷನ್ ಆಗಿತ್ತಾ, ಕೊನೆಯ ಬಾರಿ ಊಟ ಮಾಡಿದ್ದು ಯಾವಾಗ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಉತ್ತರಿಸಿ. ಅವರ ಹೆಸರನ್ನೂ ಕೇಳಿ ತಿಳಿದುಕೊಳ್ಳಿ. ನಿಮ್ಮ ಬಳಗದಲ್ಲಿ ಬಾಣಂತಿಯರಿದ್ದರೆ, ಡಿಸ್ಚಾರ್ಜ್ ಸಮ್ಮರಿಯ ಆ ಎರಡು ಅಂಕೆಗಳನ್ನು ನೋಡಿ ನಿದ್ದೆ ಕೆಡಿಸಿಕೊಂಡವರಿದ್ದರೆ, ಇದನ್ನು ಅವರಿಗೆ ಕಳಿಸಿ.